ಘಟಸರ್ಪ ನಡೆಸುತ್ತಿದ್ದವರು

ಕಾಕಾ ತೀರಿಕೊಂಡ ಸುದ್ದಿ ನಮ್ಮ ಆಟದ ವಾಟ್ಸ್ಯಾಪ್ ಗುಂಪಿಗೆ ಬಂದದ್ದು ಅವರದೇ ನಂಬರಿನಿಂದ. ಮನೆಯವರು ಯಾರೋ ಅವರ ಫೋನಿನಲ್ಲಿದ್ದ ಎಲ್ಲ ಗುಂಪುಗಳಿಗೂ ಒಂದೇ ಸಂದೇಶವನ್ನು ಮರಾಠಿಯಲ್ಲಿ ಬರೆದು ಕಳಿಸಿದ್ದರು. ಅದರಲ್ಲಿ ಅವರ ಪೂರ್ತಿ ಹೆಸರಿತ್ತು. ಏಳು ವರ್ಷ ಭಾನುವಾರಗಳನ್ನು ಅವರೆದುರು ಕಳೆದ ನನಗೆ ಆ ಹೆಸರು ಯಾರದೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲಿಯೂ ಅದನ್ನು ಬರೆಯುವುದಿಲ್ಲ. ನಮಗೆ ಅವರು ಕಾಕಾ, ಅಷ್ಟೆ.

ನಾನು ಮುಲುಂಡಿನ ಒಂದು ಡೆಂಟಲ್ ಲ್ಯಾಬಿನಲ್ಲಿ ಕೆಲಸ ಮಾಡುವವನು. ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಹಲ್ಲು ಮಾಡಿಕೊಡುವುದು ನನ್ನ ಕಸುಬು. ಮೇಣ, ಪ್ಲಾಸ್ಟರು, ಅಕ್ರಿಲಿಕ್, ನಾಲ್ಕು ಕೂದಲಿನ ಬ್ರಶ್ಶು, ಇವೇ ನನ್ನ ಲೋಕ. ಈ ಕೈ ಅಭ್ಯಾಸವೇ ನನ್ನನ್ನು ಪುಟ್ಟ ಸೈನಿಕರ ಯುದ್ಧದಾಟಕ್ಕೆ ಎಳೆದು ತಂದಿತು. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಅದರ ಮೇಲೆ ಥರ್ಮಾಕೋಲಿನ ಐದು ಗುಡ್ಡ. ಎರಡೂ ಕಡೆ ಹೆಬ್ಬೆರಳುದ್ದದ ಬಿಲ್ಲಿನವರು, ಈಟಿಯವರು, ಕುದುರೆಯವರು, ಒಬ್ಬೊಬ್ಬ ಸೇನಾಪತಿ. ನಡೆಗೆ ಇಂಚಿನ ಲೆಕ್ಕ, ಹೊಡೆತಕ್ಕೆ ದಾಳದ ಲೆಕ್ಕ. ಆರು ಸುತ್ತು ಮುಗಿದಾಗ ಹೆಚ್ಚು ಗುಡ್ಡ ಯಾರ ವಶದಲ್ಲಿವೆಯೋ ಅವರು ಗೆದ್ದಂತೆ. ನಡುವೆ ಸೇನಾಪತಿ ಸತ್ತರೆ ಆಟ ಅಲ್ಲಿಗೇ ಮುಗಿಯಿತು. ಸೈನ್ಯ ಕಟ್ಟಲು ಇಬ್ಬರಿಗೂ ಸಮನಾದ ಅಂಕ ಕೊಟ್ಟಿರುತ್ತಾರೆ. ಒಂದು ದೈತ್ಯಪ್ರಾಣಿ ಬೇಕೆಂದರೆ ಮೂರರಲ್ಲಿ ಒಂದು ಪಾಲು ಅಂಕ ಅದಕ್ಕೇ ಹೋಗುತ್ತದೆ.

ನನಗೆ ಅಂಥದೊಂದು ಬೇಕಾಗಿತ್ತು. ನಾಲ್ಕು ತಿಂಗಳು ಕೂತು ಐದು ಹೆಡೆಯ, ರೆಕ್ಕೆಯಿರುವ ಒಂದು ಸರ್ಪವನ್ನು ನಾನೇ ಮಾಡಿದೆ. ಅಂಗೈಯಗಲದ ಆ ಪ್ರಾಣಿಯ ಬಾಯಲ್ಲಿದ್ದದ್ದು ಲ್ಯಾಬಿನಲ್ಲಿ ಬೇಡವಾದ ಹಲ್ಲುಗಳನ್ನು ಅರೆದು ಕೂರಿಸಿದ ಕೋರೆಗಳು. ಭಾಂಡುಪಿನಲ್ಲಿ ನಮ್ಮ ಕನ್ನಡದವರದೊಂದು ಹಳೆಯ ಸಂಘವಿದೆ. ನೆಲಮಹಡಿಯ ಹಾಲನ್ನು ಭಾನುವಾರ ಬೆಳಿಗ್ಗೆ ನಮ್ಮ ಐದಾರು ಜನರ ಗುಂಪಿಗೆ ಬಿಟ್ಟುಕೊಟ್ಟಿದ್ದರು. ಪಕ್ಕದ ಕೋಣೆಯಲ್ಲಿ ಪೇಪರು ಓದಲು ಹಿರಿಯರು ಬರುತ್ತಿದ್ದರು. ಎರಡಕ್ಕೂ ಕೀಲಿ ಇದ್ದದ್ದು ಕಾಕಾರ ಹತ್ತಿರ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ಸಂಘದ ಬಾಗಿಲು ತೆರೆದು ಮುಚ್ಚುವ ಕೆಲಸವನ್ನು ತಾವಾಗಿ ಹೊತ್ತುಕೊಂಡಿದ್ದರು. ಬಾಗಲಕೋಟೆ ಕಡೆಯವರು. ಎತ್ತರದ ಆಳು, ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಕೀಲಿಗೊಂಚಲು. ಎಂಜಲು ಬೆರಳಿನಿಂದ ಪೇಪರಿನ ಹಾಳೆ ತಿರುವುವವರನ್ನು ಕಂಡರೆ ವಾರಗಟ್ಟಲೆ ಮಾತು ಬಿಡುತ್ತಿದ್ದರು.

ಮೊದಲ ಆರು ತಿಂಗಳು ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅಷ್ಟೆ. ಒಂದು ದಿನ ನಾನು ಎಂದಿನಂತೆ ಎರಡನೆಯ ಸುತ್ತಿಗೇ ಸರ್ಪವನ್ನು ಮುಂದೆ ಹಾರಿಸಿ, ಎಂದಿನಂತೆ ಬಾಣಗಳಿಗೆ ಸಿಕ್ಕಿಸಿ, ಉಳಿದ ಜೀವವನ್ನು ನಲವತ್ತು ಜನ ಈಟಿಯವರ ನಡುವೆ ಕಳೆದುಕೊಂಡು ಕೂತಿದ್ದೆ. ಅವರು ಒಳಗೆ ಬಂದು ಸತ್ತ ಪ್ರಾಣಿಯನ್ನು ಬಾಗಿ ನೋಡಿದರು. ಮುಟ್ಟಲಿಲ್ಲ.

"ಘಟಸರ್ಪ ಅಲ್ಲೇನಿದು? ಮಾಡಾಕ ಎಷ್ಟ ದಿನಾ ಹಿಡೀತು?"

"ನಾಲ್ಕು ತಿಂಗಳು, ಕಾಕಾ."

"ಸಾಯಿಸಾಕ?"

ನಾನು ಗಡಿಯಾರ ನೋಡಿದೆ. "ಇಪ್ಪತ್ತು ನಿಮಿಷ."

"ಗೌಡ ಹೊಲಕ್ಕ ಇಳೀಬಾರದಪಾ," ಎಂದರು. "ದಂಡಿ ಮ್ಯಾಲ ನಿಂತರ ಸಾಕು. ಆಳುಗಳು ತಾವಾ ಕೆಲಸ ಮಾಡತಾರ."

ಮುಂದಿನ ವಾರ ನನ್ನ ಸೈನ್ಯವನ್ನು ಅವರಿಗೇ ಕೊಟ್ಟು ಆಡಿಸಿದೆವು. ನಿಯಮಗಳ ಪುಸ್ತಕ ಇಂಗ್ಲಿಷಿನಲ್ಲಿತ್ತು; ನಾನು ಬಾಯಲ್ಲಿ ಹೇಳಿದೆ. ಒಂದೇ ಸಲ ಕೇಳಿಸಿಕೊಂಡರು. ಆಡುವ ಮೊದಲು ಮೇಜಿನ ಸುತ್ತ ಒಂದು ಸುತ್ತು ನಡೆದರು. ಪ್ರತಿ ಆಟಕ್ಕೂ ಮೊದಲು ಹೀಗೆ ನಡೆಯುವುದನ್ನು ಆಮೇಲೆ ಅವರು ಎಂದೂ ತಪ್ಪಿಸಲಿಲ್ಲ. ಸರ್ಪವನ್ನು ಎಡಬದಿಯ ಗುಡ್ಡದ ಹಿಂದೆ ಕೂರಿಸಿದರು. ಅದರ ಎರಡೂ ಮಗ್ಗುಲಲ್ಲಿ ಅಗ್ಗದ ಈಟಿಯವರನ್ನು ನಿಲ್ಲಿಸಿದರು. ಮೂರು ಸುತ್ತು ಅದು ಒಂದಿಂಚೂ ಅಲುಗಲಿಲ್ಲ. ಘಟಸರ್ಪ ಹದಿನಾರು ಇಂಚು ಹಾರಿ ಹೊಡೆಯಬಲ್ಲದು. ಎದುರಾಳಿ ಆ ಹದಿನಾರು ಇಂಚಿನ ಒಳಗೆ ಕಾಲಿಡಲು ಹೆದರಿ ತನ್ನ ಕುದುರೆಗಳನ್ನೆಲ್ಲ ಬಲಕ್ಕೆ ಒತ್ತಿದ. ಅಲ್ಲಿ ಅವು ಒಂದಕ್ಕೊಂದು ಅಡ್ಡ ಬಂದವು. ಎಡಬದಿಯ ಎರಡು ಗುಡ್ಡಗಳನ್ನೂ ನಡುವಿನದನ್ನೂ ಕಾಕಾರ ಕಾಲಾಳುಗಳು ಸುಮ್ಮನೆ ನಡೆದು ಹೋಗಿ ಹಿಡಿದರು. ಸರ್ಪ ಒಂದು ಬಾರಿಯೂ ಬಾಯಿ ತೆರೆಯದೆ ಅವರು ಗೆದ್ದರು.

ಆಮೇಲೆ ಗೊತ್ತಾಯಿತು, ಅವರು ಹತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದವರು. ಛಾವಣಿಯ ಕೆಳಗೆ ಹಳಿಗಳ ಮೇಲೆ ಓಡುವ ಕ್ರೇನು, ಅದರ ಪುಟ್ಟ ಕ್ಯಾಬಿನಿನಲ್ಲಿ ಕೂತು ಕೆಳಗಿನ ನೆಲ ನೋಡುತ್ತ ಭಾರ ಎತ್ತಿ ಇಳಿಸುವುದು. ನಮ್ಮ ಆಟದಲ್ಲಿ ನಡೆ ಹೇಳುವ ಮೊದಲು ಟೇಪು ಹಿಡಿಯುವಂತಿಲ್ಲ. ದೂರವನ್ನು ಕಣ್ಣಿನಲ್ಲೇ ಅಂದಾಜು ಮಾಡಬೇಕು. ನಾವೆಲ್ಲ ಎರಡು ಮೂರು ಇಂಚು ತಪ್ಪುತ್ತಿದ್ದೆವು. ಕಾಕಾ "ಹದಿನಾಕು ಐತಿ" ಎಂದರೆ ಟೇಪಿನಲ್ಲಿಯೂ ಹದಿನಾಲ್ಕೇ ಇರುತ್ತಿತ್ತು. ಕೊನೆಗೆ ನಮ್ಮ ಜಗಳಗಳಲ್ಲೂ ಟೇಪಿನ ಬದಲು ಅವರನ್ನೇ ಕೇಳುವುದು ರೂಢಿಯಾಯಿತು.

ಕಲಿಸುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. ಕೇಳಿದರೆ ಹೇಳುತ್ತಿದ್ದರು, ಅದೂ ಅರ್ಧ. ನನ್ನ ಹೆಸರು ಗೊತ್ತಿದ್ದರೂ ಹಲ್ಲಿನ ಡಾಕ್ಟ್ರ ಎಂದೇ ಕರೆಯುತ್ತಿದ್ದರು. "ಹಲ್ಲಿನ ಡಾಕ್ಟ್ರ, ದೊಡ್ಡದಕ್ಕ ಸಣ್ಣ ಕೆಲಸಾ ಹಚ್ಚಬ್ಯಾಡ," ಎಂದರೆ ಬಡ ಈಟಿಯವರ ದಂಡಿನ ಮೇಲೆ ಸರ್ಪವನ್ನು ಬಿಡಬೇಡ ಎಂದರ್ಥ. ಹತ್ತು ಜನ ಸತ್ತರೂ ಮೂವತ್ತು ಜನ ಉಳಿದು ಅದನ್ನು ಅಲ್ಲೇ ಕಟ್ಟಿಹಾಕುತ್ತಾರೆ. ಒಂದೇ ಹೊಡೆತಕ್ಕೆ ಮುಗಿಯುವಂಥದ್ದನ್ನು ಆರಿಸಬೇಕು, ಅದೂ ಮಗ್ಗುಲಿನಿಂದ, ಅದೂ ಎದುರಾಳಿ ಬೇರೆ ಕಡೆ ಕೈಹಾಕಿದ ಮೇಲೆ. "ಅದು ಹೋಗೂ ದಾರಿ ನೋಡೂದಲ್ಲ, ಹೋದಮ್ಯಾಲ ನಿಂದ್ರೂ ಜಾಗಾ ನೋಡು." ಹೊಗಳಿದ್ದು ನನಗೆ ನೆನಪಿಲ್ಲ. ಚೆನ್ನಾಗಿ ಆಡಿದವರಿಗೆ ತಮ್ಮ ಬಸಿಯಿಂದ ಅರ್ಧ ಚಹಾ ಸುರಿದು ಕೊಡುತ್ತಿದ್ದರು.

ಎರಡು ವರ್ಷದಲ್ಲಿ ಘಟಸರ್ಪ ಅವರದೇ ಆಯಿತು. ನಾನಾಗಿಯೇ ಬಿಟ್ಟುಕೊಟ್ಟೆ. ಮಾಡುವುದು ನನಗೆ ಬರುತ್ತಿತ್ತು, ನಡೆಸುವುದು ಅವರಿಗೆ.

ಚೆಂಬೂರಿನ ಒಂದು ಶಾಲೆಯ ಹಾಲಿನಲ್ಲಿ ಉಪನಗರದ ಗುಂಪುಗಳೆಲ್ಲ ಸೇರಿ ಸ್ಪರ್ಧೆ ಇಟ್ಟಾಗ ನಾವು ಅವರನ್ನೇ ಕಳಿಸಿದೆವು. ನಾನು ಪೆಟ್ಟಿಗೆ ಹೊತ್ತುಕೊಂಡು ಜೊತೆಗೆ ಹೋದೆ. ಒಂದಾದ ಮೇಲೊಂದು ಮೂರು ಆಟ ಗೆದ್ದರು. ಕೊನೆಯ ಆಟದಲ್ಲಿ ಎದುರು ಕೂತವಳು ಶ್ರಾವ್ಯಾ ಎಂಬ ಇಪ್ಪತ್ತೈದರ ಹುಡುಗಿ. ಅಪ್ಪ ರಿಫೈನರಿಯಲ್ಲಿದ್ದವರಂತೆ, ಕಾಲೊನಿಯಲ್ಲಿ ಬೆಳೆದವಳು. ಕನ್ನಡ ತಿಳಿಯುತ್ತಿತ್ತು, ಆಡುವಾಗ ತಡವರಿಸುತ್ತಿತ್ತು. ಬೆಳಿಗ್ಗೆಯಿಂದ ಅವಳು ತನ್ನ ಆಟ ಮುಗಿದಾಗಲೆಲ್ಲ ಬಂದು ಕಾಕಾರ ಮೇಜಿನ ಪಕ್ಕ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೆ.

ಆರನೆಯ ಸುತ್ತು. ಗುಡ್ಡಗಳಲ್ಲಿ ಅವಳಿಗೆ ಮೂರು, ಕಾಕಾರಿಗೆ ಎರಡು. ಆದರೆ ಅವಳ ಸೇನಾಪತಿ ಬಯಲಿನಲ್ಲಿ ಒಬ್ಬನೇ ನಿಂತಿದ್ದ. ಅಕ್ಕಪಕ್ಕ ಯಾರೂ ಇಲ್ಲ, ನಡುವೆ ಅಡ್ಡಿಯೂ ಇಲ್ಲ. ಕಾಕಾರ ಘಟಸರ್ಪ ಗಾಯವಿಲ್ಲದೆ ಗುಡ್ಡದ ಅಂಚಿನಲ್ಲಿತ್ತು. ನಡೆ ಅವರದು. ಹಾರಿಸಿದರೆ ಮುಗಿಯಿತು, ದಾಳ ತೀರ ಕೆಟ್ಟು ಕೂತರೆ ಮಾತ್ರ ತಪ್ಪಬಹುದು. ಸುತ್ತ ನಿಂತವರೆಲ್ಲ ಅದನ್ನು ನೋಡಿದರು.

ಕಾಕಾ ಸರ್ಪದ ಮೇಲೆ ಕೈ ಚಾಚಿದರು. ಕೈ ಅಲ್ಲೇ, ಅದರ ಹೆಡೆಗಳಿಂದ ಎರಡು ಬೆರಳು ಮೇಲೆ, ಬಹಳ ಹೊತ್ತು ನಿಂತಿತು. ಆಮೇಲೆ ಹಿಂದಕ್ಕೆ ತೆಗೆದುಕೊಂಡರು.

"ಇಲ್ಲೇ ಇರಲಿ," ಎಂದರು.

ಶ್ರಾವ್ಯಾ ಗೆದ್ದಳು. ಎದ್ದು ನಿಂತು ಅವರ ಕಾಲು ಮುಟ್ಟಿ ನಮಸ್ಕರಿಸಿದಳು. ಅವರು ಅವಳ ತಲೆ ಮುಟ್ಟಿ, ಸೈನಿಕರನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬತೊಡಗಿದರು.

ಕುರ್ಲಾದಲ್ಲಿ ಗಾಡಿ ಬದಲಿಸಲು ಇಳಿದೆವು. ಕಲ್ಯಾಣ್ ಸ್ಲೋ ಲೋಕಲ್ ತಡವಾಗಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟು ನಾನು ಹೇಳಿಯೇ ಬಿಟ್ಟೆ.

"ಕಾಕಾ, ನಿಮಗೆ ಗೆಲ್ಲುವುದು ಬೇಡ ಅಂತಿದ್ದರೆ ಮೊದಲೇ ಹೇಳಬೇಕಿತ್ತು. ಬೇರೆ ಯಾರನ್ನಾದರೂ ಕೂರಿಸುತ್ತಿದ್ದೆವು. ಎಷ್ಟು ದೂರ ಇತ್ತು ಅದು?"

"ಹನ್ನೊಂದ ಇಂಚು."

"ಮತ್ತೆ? ಹದಿನಾರು ಹಾರುವ ಪ್ರಾಣಿ."

ಅವರು ಹಳಿಯ ಕಡೆ ತಿರುಗಿದರು. ಆಮೇಲೆ ಹೇಳಿದ್ದನ್ನು ನಾನು ಅವರ ಮಾತಿನಲ್ಲೇ ಬರೆಯುತ್ತೇನೆ. ದನಿ ಏರಿಸದೆ, ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳುವ ಹಾಗೆ ಹೇಳಿದರು.

"ಮಲ್ಲಪ್ಪ ಅಂತ ನಮ್ಮೂರಾಂವ. ಅವನಾ ನನ್ನ ಮುಂಬೈಗೆ ಕರಕೊಂಡ ಬಂದಾಂವ. ನಾ ಮ್ಯಾಲ ಕ್ರೇನಿನಾಗ, ಅವ ಕೆಳಗ ಖಲಾಸಿ. ಅವ ಹಗ್ಗಾ ಬಿಗಿದು ಕೈ ತೋರಸ್ತಿದ್ದ, ನಾ ಎತ್ತತಿದ್ದೆ. ಒಂದಿನಾ ಮಶೀನಿನ ಬುಡಾ ಒಂದು ಟ್ರೇಲರಿಗೆ ಹಾಕೂದಿತ್ತು. ಏಳು ಟನ್ನು. ಶಿಫ್ಟ್ ಮುಗಿಯೂದ್ರಾಗ ಆಗಬೇಕು ಅಂತ ಸೂಪರ್‌ವೈಜರ್ ಗಡಿಬಿಡಿ ಮಾಡಾಕತ್ತಿದ್ದ. ಎತ್ತೀನಿ, ನಡುದಾರಿಗೆ ಬಂದೀನಿ. ಮಲ್ಲಪ್ಪ ಅಂಗೈ ತೋರಿಸಿದ."

ಕಾಕಾ ತಮ್ಮ ಅಂಗೈಯನ್ನು ನೆಲದ ಕಡೆ ಚಪ್ಪಟೆಯಾಗಿ ಹಿಡಿದು ತೋರಿಸಿದರು. ನಿಲ್ಲಿಸು ಎಂಬ ಸನ್ನೆ.

"ನಾ ನೋಡಿದೆ. ನೋಡಲಿಲ್ಲ ಅಂತ ಅಲ್ಲ. ಟ್ರೇಲರಿಗೆ ಹದಿನೈದ ಫೂಟ ಉಳದಿತ್ತು. ಇಷ್ಟಾ ಅಲಾ, ದಾಟಿಸಿಬಿಡೂಣು ಅಂದೆ. ಹಗ್ಗಾ ಜಾರಿತು. ಅವ ಭಾರ ಹಿಡಿಯಾಕ ಕೆಳಗ ಬಂದಿದ್ದ."

"ಇನ್‌ಕ್ವೈರಿ ಆಯ್ತಾ?" ಎಂದು ಕೇಳಿದೆ.

"ಆತು. ಹಗ್ಗಾ ಹಳೇದು ಅಂತ ಬರದ್ರು. ಅದೂ ಖರೇನಾ. ನಂದೇನೂ ತಪ್ಪಿಲ್ಲ ಅಂದ್ರು. ಅಂಗೈ ತೋರಿಸಿದ್ದು ನಾ ಒಬ್ಬನಾ ನೋಡಿದ್ದೆ. ನಾ ಹೇಳಲಿಲ್ಲ."

ಮಲ್ಲಪ್ಪ ಸತ್ತ ಮಾರನೆಯ ದಿನದಿಂದ ಅವರು ಕ್ರೇನ್ ಹತ್ತಲಿಲ್ಲ. ಬೇಡಿಕೊಂಡು ಸ್ಟೋರಿಗೆ ವರ್ಗ ಮಾಡಿಸಿಕೊಂಡರು. ನಿವೃತ್ತಿಯವರೆಗೂ ಅಲ್ಲೇ ನಟ್ಟು ಬೋಲ್ಟು ಎಣಿಸಿ ಕೊಟ್ಟರು.

"ನೀವೆಲ್ಲಾ ನನ್ನ ಆಟಾ ಶಾಣ್ಯಾತನ ಅಂತೀರಿ," ಎಂದರು. "ಶಾಣ್ಯಾತನ ಅಲ್ಲದು. ಇನ್ನ ಸ್ವಲ್ಪಾ ಉಳದೈತಿ ಅಂದಕೂಡಲೆ ನನಗ ಕೈ ಬರೂದಿಲ್ಲ. ಅಷ್ಟಾ."

ಲೋಕಲ್ ಬಂತು. ನೂಕುನುಗ್ಗಲಿನಲ್ಲಿ ಹತ್ತಿದೆವು. ಪೆಟ್ಟಿಗೆಯನ್ನು ಅವರು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ನಿಂತರು. ಭಾಂಡುಪಿನಲ್ಲಿ ನನ್ನ ಕೈಗೆ ಕೊಟ್ಟು ಇಳಿದರು. ನಾನು ಮುಲುಂಡಿನವರೆಗೆ ಹೋಗಬೇಕಾಗಿತ್ತು. ಕ್ಷಮಿಸಿ ಎಂದು ಹೇಳಬೇಕೆಂದು ಅನ್ನಿಸುವಷ್ಟರಲ್ಲಿ ಗಾಡಿ ಬಿಟ್ಟಿತ್ತು.

ಮೂರು ಭಾನುವಾರ ಅವರು ನಮಗೆ ಹಾಲಿನ ಬಾಗಿಲು ತೆರೆದುಕೊಟ್ಟು ಪೇಪರಿನ ಕೋಣೆಗೆ ಹೋಗಿ ಕೂತರು. ಆಡಲು ಯಾರೂ ಕರೆಯಲಿಲ್ಲ. ನಾನು ಕುರ್ಲಾದ ಮಾತನ್ನು ಯಾರಿಗೂ ಹೇಳಿರಲಿಲ್ಲ, ಆದರೆ ಅವರು ಸೋಲಿನಿಂದ ನೊಂದಿದ್ದಾರೆ ಎಂದು ಉಳಿದವರು ತಾವೇ ತಿಳಿದುಕೊಂಡರು. ಈ ನಡುವೆ ಶ್ರಾವ್ಯಾ ಒಮ್ಮೆ ನಮ್ಮ ಗುಂಪಿಗೆ ಆಡಲು ಬಂದಳು. ಅಂದಿನ ಆಟದ ಬಗ್ಗೆ ಕೇಳಿದೆ. ಸೇನಾಪತಿಯನ್ನು ಬಯಲಿನಲ್ಲಿ ಒಬ್ಬನೇ ಬಿಟ್ಟದ್ದು ಮರೆತೋ?

"ಮರ್ತಿಲ್ಲ," ಎಂದಳು. "ಜಾನ್‌ಬೂಝ್‌ಕರ್, ಬೇಕಂತಾನೇ ಬಿಟ್ಟಿದ್ದು. ಬೆಳಿಗ್ಗೆಯಿಂದ ಮೂರು ಗೇಮ್ ನೋಡ್ದೆ ನಾನು. ಅಂಕಲ್ ಅಟ್ಯಾಕ್ ಮಾಡೋದೇ ಇಲ್ಲ. ಸಬ್ ಲೋಗ್ ಸುಮ್ನೆ ಹೆದರ್ತಾರೆ."

ಮೂರು ಆಟ ನೋಡಿದ ಅವಳಿಗೆ ಕಂಡದ್ದು ಎರಡು ವರ್ಷ ನೋಡಿದ ನಮಗೆ ಕಂಡಿರಲಿಲ್ಲ. ಕಾಕಾರ ಸರ್ಪ ಬರುವುದೇ ಇಲ್ಲವೆಂದು ತಿಳಿದವರಿಗೆ ಅದು ಮೇಜಿನ ಮೇಲಿನ ಇನ್ನೊಂದು ಗುಡ್ಡ, ಅಷ್ಟೆ. ಅವಳು ಇದನ್ನು ಹೇಳಿದಾಗ ಪೇಪರಿನ ಕೋಣೆಯ ಬಾಗಿಲು ತೆರೆದೇ ಇತ್ತು. ಅವರಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.

ನಾಲ್ಕನೆಯ ಭಾನುವಾರ ಅವರು ಕೀಲಿ ತಿರುಗಿಸಿದವರು ನೇರ ಮೇಜಿನ ಹತ್ತಿರ ಬಂದರು.

"ಹಲ್ಲಿನ ಡಾಕ್ಟ್ರ, ಇವತ್ತ ನಿನ್ನ ಕೂಡ ಆಡತೀನಿ. ಘಟಸರ್ಪ ತಗಿ."

ಎಂದಿನಂತೆ ಮೇಜಿನ ಸುತ್ತ ನಡೆದರು. ಆದರೆ ಸರ್ಪವನ್ನು ಗುಡ್ಡದ ಹಿಂದೆ ಇಡಲಿಲ್ಲ. ಬಯಲಿನ ನಡುವೆ, ಎಲ್ಲರಿಗಿಂತ ಮುಂದೆ ಇಟ್ಟರು. ಎರಡನೆಯ ಸುತ್ತು ಬಂತು. ನನ್ನ ಬಿಲ್ಲಿನವರು, ಅವರ ಮುಂದೆ ಈಟಿಯವರ ಗೋಡೆ. ಹೊಸದಾಗಿ ಕಲಿತವನು ಮಾತ್ರ ಅಲ್ಲಿಗೆ ನುಗ್ಗುತ್ತಾನೆ.

"ಹನ್ನೆರಡ ಐತಿ," ಎಂದರು. ಘಟಸರ್ಪವನ್ನು ಎತ್ತಿ, ಬಯಲು ದಾಟಿಸಿ, ನನ್ನ ಈಟಿಯವರ ಎದೆಗೇ ತಂದಿಟ್ಟರು. ನಾನು ಅವರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಸರ್ಪದ ಬುಡದಲ್ಲಿ ಬಿದ್ದ ನನ್ನ ಸೈನಿಕರನ್ನು ನೋಡುತ್ತಿದ್ದರು.

"ವಾಪಸ್ ತಗೊಳ್ತೀರಾ ಕಾಕಾ?" ಎಂದೆ.

"ಇಲ್ಲ. ನೀ ಹೊಡಿ."

ಬೇಕೆಂದೇ ಮೆತ್ತಗೆ ಆಡಿದರೆ ಅವರಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಸರಿಯಾಗಿಯೇ ಹೊಡೆದೆ. ನನ್ನ ಹದಿನೇಳು ಜನ ಸತ್ತರು, ಉಳಿದವರು ಸುತ್ತುವರಿದರು, ಬದಿಗೆ ಸರಿದ ಬಿಲ್ಲಿನವರು ಹತ್ತಿರದಿಂದ ಬಾಣ ಬಿಟ್ಟರು. ಮೂರನೆಯ ಸುತ್ತಿನಲ್ಲಿ ಘಟಸರ್ಪದ ಕೊನೆಯ ಜೀವಾಂಕವೂ ಹೋಯಿತು. ಸತ್ತದ್ದನ್ನು ಮೇಜಿನಿಂದ ತೆಗೆಯುವುದು ಕೊಂದವರ ಕೆಲಸ. ನಾನು ಕೈ ಚಾಚಿದೆ. ಅವರು ಬೇಡವೆಂದು ಸನ್ನೆ ಮಾಡಿ ತಾವೇ ಎತ್ತಿದರು. ಸ್ವಲ್ಪ ಹೊತ್ತು ಅಂಗೈಯಲ್ಲಿಟ್ಟುಕೊಂಡು ಕೂತರು.

"ಹೋತು," ಎಂದರು. ಆಮೇಲೆ ಮೇಜನ್ನು, ನನ್ನನ್ನು, ಹಾಲಿನಲ್ಲಿದ್ದ ಉಳಿದವರನ್ನು ಒಮ್ಮೆ ನೋಡಿದರು. "ಯಾರಿಗೂ ಏನೂ ಆಗಲಿಲ್ಲ ನೋಡು."

ಉಳಿದ ಮೂರು ಸುತ್ತನ್ನೂ ಕಾಲಾಳುಗಳಿಂದಲೇ ಆಡಿದರು, ಸೋತರು. ಬಸಿಯಿಂದ ಅರ್ಧ ಚಹಾ ನನಗೆ ಸುರಿದು, ಹಾಲಿಗೆ ಬೀಗ ಹಾಕಿಕೊಂಡು ಮನೆಗೆ ಹೋದರು.

ಒಂದು ಆಟದಿಂದ ಮನುಷ್ಯನ ಒಳಗೆ ಏನೋ ವಾಸಿಯಾಯಿತು ಎಂದು ಬರೆಯಲು ನನಗೆ ಧೈರ್ಯವಿಲ್ಲ. ಮಲ್ಲಪ್ಪನ ಸಾವು ಆಟವಲ್ಲ. ನನಗೆ ಗೊತ್ತಿರುವುದು ಮೇಜಿನ ಮೇಲಿನ ಮಾತು ಮಾತ್ರ. ಆಮೇಲಿನ ನಾಲ್ಕೂವರೆ ವರ್ಷ ಅವರ ಆಟ ಬದಲಾಯಿತು. ಘಟಸರ್ಪ ಹಲವು ಬಾರಿ ಗುಡ್ಡದ ಹಿಂದೆಯೇ ಉಳಿಯುತ್ತಿತ್ತು. ಕೆಲವು ಬಾರಿ, ನಾವು ಎಣಿಸದ ಹೊತ್ತಿನಲ್ಲಿ, ಹಾರಿ ಬರುತ್ತಿತ್ತು. ಯಾವಾಗ ಬರುತ್ತದೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಮೊದಲಿಗಿಂತ ಹೆಚ್ಚು ಸಲ ಸೋತರು. ಆದರೆ ಅವರೆದುರು ಕೂರಲು ನಿಜವಾಗಿ ಭಯವಾಗಲು ಶುರುವಾದದ್ದು ಆಗ. ಶ್ರಾವ್ಯಾ ಕೂಡ ತನ್ನ ಸೇನಾಪತಿಯನ್ನು ಮತ್ತೆಂದೂ ಬಯಲಿಗೆ ಬಿಡಲಿಲ್ಲ.

ಕಳೆದ ವರ್ಷ ಅವರಿಗೆ ಮನೆಯ ಮೆಟ್ಟಿಲು ಹತ್ತಿಳಿಯುವುದು ಕಷ್ಟವಾಯಿತು. ಸಂಘದ ಕೀಲಿ ಬೇರೆಯವರ ಕೈಗೆ ಹೋಯಿತು. ನಾನು ಎರಡು ಬಾರಿ ಫೋನ್ ಮಾಡಿದೆ. ನೋಡಲು ಹೋಗಲಿಲ್ಲ. ಲ್ಯಾಬಿನಲ್ಲಿ ಕೆಲಸವಿತ್ತು ಎನ್ನುವುದು ನಿಜ. ಅದೇ ಕಾರಣ ಎನ್ನುವುದು ನಿಜವಲ್ಲ. ಹುಷಾರಿಲ್ಲದವರ ಮನೆಗೆ ಹೋಗುವುದು ನನಗೆ ಕೈಲಾಗದ ಕೆಲಸ.

ಸುದ್ದಿ ಬಂದ ಮರುದಿನ ಹೋದೆ. ಭಾಂಡುಪಿನ ಗುಡ್ಡದ ಬದಿಯ ಹಳೆಯ ಬಿಲ್ಡಿಂಗು, ಮೂರನೆಯ ಮಹಡಿ. ಬಂದವರೆಲ್ಲ ಹೊರಟು ಮನೆ ಖಾಲಿಯಾಗಿತ್ತು. ಅವರ ಹೆಂಡತಿ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿದೆ.

"ಹಲ್ಲಿನ ಡಾಕ್ಟ್ರು," ಎಂದರು. "ಗೊತ್ತೈತಿ. ಕುಂದ್ರಪಾ."

ಕಾಕಾ ಬಹಳ ಚೆನ್ನಾಗಿ ಆಡುತ್ತಿದ್ದರು, ಅವರನ್ನು ಸೋಲಿಸುವುದು ನಮಗೆಲ್ಲ ಕಷ್ಟವಾಗುತ್ತಿತ್ತು ಎಂದೆ. ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಆಟಾ ಗೀಟಾ ನನಗ ತಿಳಿಯೂದಿಲ್ಲ," ಎಂದರು. "ಕ್ರೇನ್ ಬಿಟ್ಟ ಮ್ಯಾಲ ಆ ಮನಶ್ಯಾ ಚಲೋತಂಗ ನಿದ್ದಿ ಮಾಡಿದ್ದು ನಾ ಒಂದಿನಾ ನೋಡಿರಲಿಲ್ಲ. ರಾತ್ರಿ ನಾಕ ಸಲ ಏಳೂದು, ನೀರ ಕುಡಿಯೂದು, ಕುಂದರೂದು. ಒಂದ ಐತವಾರ ನಿಮ್ಮ ಕಡಿಂದ ಬಂದ್ರು. ಉಂಡ್ರು, ಅಲ್ಲೇ ಚಾಪಿ ಮ್ಯಾಲ ಅಡ್ಡಾದ್ರು. ಸಂಜಿ ಆತು, ದೀಪಾ ಹಚ್ಚಿದೆ, ಏಳವಲ್ಲರು. ನನಗ ಎದಿ ಝಲ್ಲಂತು. ಹಿಡದು ಅಲಗಾಡಿಸಿದೆ. ಕಣ್ಣ ತಗದು ನನ್ನ ನೋಡಿದ್ರು. ಏನಾತ್ರೀ ಅಂದೆ. ಸೋತ ಬಂದೀನಿ, ಮಲಗಗೊಡು ಅಂದ್ರು."